ಮಳೆ ಕೊಡದ ಮೋಡಕ್ಕೂ ಒಂದು ಕೆಲಸವಿದೆ

ಇವತ್ತು ಮಾತಾಡ್ತಿರೋದು ಮೋಡದ ಬಗ್ಗೆ. ಮಳೆ ಸುರಿಸೋ ಕಾರ್ಮೋಡ ಅಲ್ಲ, ತಲೆ ಮೇಲೆ ತೀರಾ ಕೆಳಗೆ ಓಡಾಡೋ ತೆಳು ಮೋಡ.

ಜುಲೈನಲ್ಲಿ ಬಾದಾಮಿ ಬೆಟ್ಟದ ಮೇಲೆ ಅಥವಾ ಹುನಗುಂದದ ಎರೆಹೊಲದಲ್ಲಿ ನಿಂತವರಿಗೆ ಇದು ಗೊತ್ತು. ಪಶ್ಚಿಮದಿಂದ ಮೋಡಗಳು ಸಾಲುಸಾಲಾಗಿ ಬರ್ತವೆ, ಹನಿ ಉದುರಿಸದೆ ಇಳಕಲ್ ದಾಟಿ ಪೂರ್ವಕ್ಕೆ ಓಡ್ತವೆ. ‘ಮೋಡ ಬರ್ತಾವ್ರಿ, ಮಳಿ ಬರಂಗಿಲ್ಲ’ ಅಂತಾರೆ ಇಲ್ಲಿನ ರೈತರು. ಅರಬ್ಬಿ ಸಮುದ್ರದ ಗಾಳಿ ತನ್ನ ಮಳೆಯ ಬಹುಪಾಲನ್ನು ಪಶ್ಚಿಮ ಘಟ್ಟದಲ್ಲೇ ಸುರಿಸಿಬಿಡುತ್ತೆ. ಬಾಗಲಕೋಟೆ ಇರೋದು ಮಳೆನೆರಳಿನಲ್ಲಿ.

ಹಾಗಂತ ಆ ಮೋಡ ದಂಡಕ್ಕೆ ಬಂದು ಹೋಗ್ತಿದೆ ಅಂದ್ಕೋಬೇಡಿ. ಮೇ ತಿಂಗಳಲ್ಲಿ 40 ಡಿಗ್ರಿ ಮುಟ್ಟುವ ಇಲ್ಲಿನ ಬಿಸಿಲು ಜುಲೈನಲ್ಲಿ 30ರ ಆಸುಪಾಸಿಗೆ ಇಳಿಯುತ್ತೆ. ಅದರಲ್ಲಿ ಮಳೆಯ ಪಾಲಿದೆ, ತೇವದ ಗಾಳಿಯ ಪಾಲಿದೆ, ಈ ಮೋಡದ ನೆರಳಿನ ಪಾಲೂ ಇದೆ.

ಮೋಡ ಎರಡು ಕೆಲಸ ಮಾಡುತ್ತೆ. ಒಂದು ಛತ್ರಿಯ ಕೆಲಸ, ಬಿಸಿಲನ್ನು ವಾಪಸ್ ಕಳಿಸೋದು. ಇನ್ನೊಂದು ಕೌದಿಯ ಕೆಲಸ, ನೆಲದ ಶಾಖ ಮೇಲೆ ಹೋಗದಂತೆ ಹಿಡಿಯೋದು. ಚಳಿಗಾಲದಲ್ಲಿ ಮೋಡ ಮುಚ್ಚಿದ ರಾತ್ರಿ ಚಳಿ ಕಡಿಮೆ ಇರೋದು ಇದಕ್ಕೇ. ಸುಮಾರು ಹತ್ತು ಕಿಲೋಮೀಟರ್ ಎತ್ತರದ ತೆಳು ಮೋಡ ಬಿಸಿಲನ್ನು ಒಳಗೆ ಬಿಟ್ಟು ಶಾಖ ಹಿಡಿಯುತ್ತೆ, ಅದು ಹೆಚ್ಚಾಗಿ ಕೌದಿ. ಎರಡು ಕಿಲೋಮೀಟರ್ ಒಳಗಿನ ಮೋಡ ಹಾಗಲ್ಲ. ಅದು ನೆಲಕ್ಕೆ ಹತ್ತಿರ, ಹೆಚ್ಚುಕಡಿಮೆ ನೆಲದಷ್ಟೇ ಬೆಚ್ಚಗಿರುತ್ತೆ, ಹಾಗಾಗಿ ನೆಲದಷ್ಟೇ ಶಾಖವನ್ನು ಆಕಾಶಕ್ಕೆ ಬಿಡುತ್ತೆ. ಬಿಳಿ ಮೇಲ್ಮೈಯಿಂದ ಬಿಸಿಲನ್ನಂತೂ ಜೋರಾಗಿ ಹಿಂದಿರುಗಿಸುತ್ತೆ. ಲೆಕ್ಕ ಹಾಕಿದರೆ ಕೆಳಮೋಡ ಭೂಮಿಗೆ ಛತ್ರಿ.

ಈ ಛತ್ರಿಯ ಅತಿ ದೊಡ್ಡ ಹರವು ಇರೋದು ನಮ್ಮ ಊರ ಮೇಲಲ್ಲ, ಪೆರು, ಕ್ಯಾಲಿಫೋರ್ನಿಯಾ, ನಮೀಬಿಯಾ ಕರಾವಳಿಯ ತಣ್ಣನೆ ಸಮುದ್ರದ ಮೇಲೆ. ಅಲ್ಲಿ ನೂರಾರು ಕಿಲೋಮೀಟರ್ ಉದ್ದಕ್ಕೆ ಮೋಡ ಹಾಸಿಕೊಂಡಿರುತ್ತೆ. ಆದರೆ ಅಲ್ಲಿ ಛತ್ರಿ ಹರಿದರೆ ಬಿಸಿ ಇಡೀ ಭೂಮಿಗೆ ಹಂಚಿಕೆಯಾಗುತ್ತೆ, ನಮಗೂ ಸೇರಿ.

ಹರಿಯೋದು ಹೇಗೆ? ಗಾಳಿ ಬಿಸಿಯಾದಂತೆ, ಮೇಲಿನ ಒಣಗಾಳಿ ಮೋಡದೊಳಗೆ ಬೆರೆತು ಅದನ್ನು ಬೇಗ ಒಣಗಿಸುತ್ತೆ. ಜೊತೆಗೆ, ಮೋಡದ ಹಾಸು ಉಳಿಯಬೇಕಾದರೆ ಅದರ ನೆತ್ತಿ ಶಾಖ ಬಿಟ್ಟು ತಣ್ಣಗಾಗ್ತಾ ಇರಬೇಕು. ಮೇಲೆ ಇಂಗಾಲದ ಡೈಆಕ್ಸೈಡ್, ನೀರಾವಿ ಹೆಚ್ಚಾದರೆ ಆ ತಣಿವೂ ಕಡಿಮೆ. ಮೋಡ ತೆಳುವಾಗುತ್ತೆ, ಸಮುದ್ರಕ್ಕೆ ಬಿಸಿಲು ಹೆಚ್ಚು ಬೀಳುತ್ತೆ, ಬಿಸಿ ಇನ್ನೂ ಏರುತ್ತೆ, ಮೋಡ ಇನ್ನೂ ಕರಗುತ್ತೆ. ಸಾಲದ ಭಾಷೆಯಲ್ಲಿ ಹೇಳೋದಾದರೆ ನಾವು ಉಗುಳಿದ ಹೊಗೆ ಅಸಲು, ಮೋಡ ಕರಗೋದು ಬಡ್ಡಿ.

ಬಡ್ಡಿ ದರ ಎಷ್ಟು? ವಿಜ್ಞಾನಿಗಳನ್ನು ದಶಕಗಳಿಂದ ಕಾಡಿದ ಪ್ರಶ್ನೆ ಇದೇ. ಇಂಗಾಲದ ಡೈಆಕ್ಸೈಡ್ ದುಪ್ಪಟ್ಟಾದರೆ ಭೂಮಿ 2.5ರಿಂದ 4 ಡಿಗ್ರಿ ಬಿಸಿಯಾಗಬಹುದು, ಉತ್ತಮ ಅಂದಾಜು 3 ಡಿಗ್ರಿ ಅಂತ ಐಪಿಸಿಸಿ 2021ರಲ್ಲಿ ಹೇಳಿತು. ಎರಡೂವರೆಗೂ ನಾಲ್ಕಕ್ಕೂ ನಡುವಿನ ಈ ಅಂತರಕ್ಕೆ ದೊಡ್ಡ ಕಾರಣ ಮೋಡಗಳೇ.

ಈಗ 2023ಕ್ಕೆ ಬನ್ನಿ. ಆ ಆಗಸ್ಟ್ ಭಾರತಕ್ಕೆ 1901ರಿಂದೀಚೆಗೆ ಅತ್ಯಂತ ಒಣ ಆಗಸ್ಟ್. ರಾಜ್ಯದ 236 ತಾಲ್ಲೂಕುಗಳ ಪೈಕಿ 223 ಬರಪೀಡಿತ ಪಟ್ಟಿ ಸೇರಿದವು. ಅದೇ ವರ್ಷ ಜಗತ್ತಿನ ಉಷ್ಣತೆಯೂ ದಾಖಲೆ ಮುರಿಯಿತು. ಎಲ್ ನಿನೊ ಇತ್ತು, ನಿಜ. ಆದರೆ ಅಷ್ಟರಿಂದಲೇ ಲೆಕ್ಕ ಕೂಡಲಿಲ್ಲ. ಜರ್ಮನಿಯ ಆಲ್ಫ್ರೆಡ್ ವೆಗನರ್ ಸಂಸ್ಥೆಯ ಸಂಶೋಧಕರು 2024ರಲ್ಲಿ ಪ್ರಕಟಿಸಿದ ಅಧ್ಯಯನದ ಪ್ರಕಾರ, ಆ ವರ್ಷ ಭೂಮಿ ಬಿಸಿಲನ್ನು ಹಿಂದಿರುಗಿಸುವ ಪ್ರಮಾಣ ತೀರಾ ತಗ್ಗಿತ್ತು. ಮುಖ್ಯ ಕಾರಣ ಕೆಳಮೋಡಗಳ ಇಳಿಕೆ. ನಮ್ಮ ಬರಕ್ಕೆ ಅದೇ ಕಾರಣ ಅಂತ ನಾನು ಹೇಳ್ತಿಲ್ಲ. ಬಿಸಿ ಹೆಚ್ಚಾದ ಭೂಮಿಯಲ್ಲಿ ಬರ ಬಂದರೆ ನೆಲ ಇನ್ನೂ ಬೇಗ ಒಣಗುತ್ತೆ ಅಂತ ಮಾತ್ರ ಹೇಳ್ತಿದ್ದೀನಿ.

ಇನ್ನೊಂದು ತಿರುವು ಇದೆ. ಹೊಗೆಯ ಕಣಗಳ ಮೇಲೆ ಸಣ್ಣ ಹನಿಗಳು ಹೆಚ್ಚು ಕೂತು ಮೋಡ ಇನ್ನಷ್ಟು ಬೆಳ್ಳಗಾಗುತ್ತೆ. 2020ರ ಜನವರಿಯಿಂದ ಹಡಗುಗಳ ಇಂಧನದಲ್ಲಿ ಗಂಧಕದ ಮಿತಿಯನ್ನು ಶೇ 3.5ರಿಂದ ಶೇ 0.5ಕ್ಕೆ ಇಳಿಸಿದರು. ಉಸಿರಾಟಕ್ಕೆ ಒಳ್ಳೆಯದೇ ಆಯ್ತು. ಆದರೆ ಸಮುದ್ರದ ಮೋಡದ ಬಿಳುಪು ತಗ್ಗಿತು. ಎಷ್ಟು ಅನ್ನೋ ಚರ್ಚೆ ಇನ್ನೂ ನಡೀತಿದೆ. ಅಂದರೆ ನಮ್ಮದೇ ಹೊಗೆ ಇಷ್ಟು ದಿನ ಒಂದಿಷ್ಟು ಬಿಸಿಯನ್ನು ಮುಚ್ಚಿಟ್ಟಿತ್ತು.

ಹಾಗಾದರೆ ನಾವೇನು ಮಾಡಬೇಕು? ಬಡ್ಡಿ ನಮ್ಮ ಕೈಯಲ್ಲಿಲ್ಲ, ಅಸಲು ಇದೆ. ಕಲ್ಲಿದ್ದಲು, ಎಣ್ಣೆ ಸುಡೋದು ಕಡಿಮೆಯಾದಷ್ಟೂ ಮೋಡ ಉಳಿಯುತ್ತೆ. ಊರ ಮಟ್ಟದಲ್ಲೂ ಕೆಲಸವಿದೆ. ಮಳೆಗಾಲದ ನಡುವೆ ಮೋಡ ಸರಿದ ವಾರಗಳಲ್ಲಿ ಇಳಕಲ್ಲಿನ ಗ್ರಾನೈಟ್ ಕ್ವಾರಿಯಲ್ಲಿ, ಹೊಲದಲ್ಲಿ ದುಡಿಯೋರಿಗೆ ನಡುಮಧ್ಯಾಹ್ನ ಬಿಡುವು ಬೇಕು, ಕುಡಿಯೋ ನೀರು, ನೆರಳು ಬೇಕು. ಇದನ್ನು ಬರೀ ಬೇಸಿಗೆಯ ಸಮಸ್ಯೆ ಅಂತ ನೋಡೋ ಕಾಲ ಹೋಯ್ತು.

ನಾಳೆ ಮೋಡ ಹನಿ ಹಾಕದೆ ಹೋದರೆ ಬೇಜಾರಾಗೋದು ಸಹಜ. ಆದರೆ ಹೋಗೋವಾಗ ಅದು ಎಷ್ಟು ಬಿಸಿಲು ತಡೆದು ಹೋಯ್ತು ಅನ್ನೋದನ್ನೂ ಲೆಕ್ಕಕ್ಕೆ ಹಿಡೀರಿ.