ಮಗೀಗೆ ಎರೆಯುವಾಗ ಬೆನ್ನು ನೋಡ್ರಿ

ಹಚ್ಚೊಳ್ಳಿಯಿಂದ ಮಾತಾಡ್ತಿದೀನಿ. ಇವತ್ತಿನದು ನಮ್ಮ ಮನೆದೇ ಕಥೆ.

ನಮ್ಮಕ್ಕನ ಮಗ ಹುಟ್ಟಿದಾಗ ಬೆನ್ನಿನ ನಡುವೆ, ಸೊಂಟದ ಹತ್ರ ಸೂಜಿ ಚುಚ್ಚಿದಂಥ ಒಂದು ತೂತಿತ್ತು. ಸುತ್ತ ನಾಲ್ಕು ಕೂದಲು. ಮೊದಲು ನೋಡಿದ್ದು ಮಗೀಗೆ ಎರೆಯುತ್ತಿದ್ದ ನಮ್ಮಜ್ಜಿ. "ಮಚ್ಚೆ ಇರಬೇಕು ಬಿಡಬೇ, ಭತ್ತದ ನಾಟಿ ಮುಗೀಲಿ, ನೋಡೋಣು" ಅಂದದ್ದು ನಾನೇ. ಆಶಾ ಅಕ್ಕ ಬಿಡಲಿಲ್ಲ, ಬಳ್ಳಾರಿಗೆ ಕಳಿಸಿದ್ರು. ಎಂಆರ್‌ಐನಲ್ಲಿ ಗೊತ್ತಾಯ್ತು: ಆ ತೂತಿನಿಂದ ಸಣ್ಣ ನಾಳವೊಂದು ಒಳಗೆ ಹೋಗಿ, ಬೆನ್ನುಹುರಿ ಪಕ್ಕದ ಗಂಟಿಗೆ ಸೇರಿತ್ತು. ಡರ್ಮಾಯ್ಡ್ ಸಿಸ್ಟ್.

ಇದು ಹೆಂಗೆ ಆಗುತ್ತೆ? ಬಸಿರಿನ ಮೊದಲ ವಾರಗಳಲ್ಲೇ ಮೆದುಳು, ಬೆನ್ನುಹುರಿ ಒಂದು ಕೊಳವೆಯಾಗಿ ಮುಚ್ಚಿಕೊಳ್ತಾವೆ. ಆಗ ಚರ್ಮದ ಪದರ ಪೂರ್ತಿ ಬೇರೆಯಾಗದೆ ಸಿಕ್ಕಿಕೊಂಡ್ರೆ ಒಳಗೇ ಬೆಳೆಯುತ್ತೆ. ಗ್ರಹಣ ಕಾರಣ ಅಲ್ಲ, ಯಾರ ಪಾಪವೂ ಅಲ್ಲ. ಆದ್ರೆ ಆ ದಾರೀಲಿ ಕ್ರಿಮಿ ಒಳಗೆ ಹೋದ್ರೆ ಮೆದುಳು ಜ್ವರ ಬರಬಹುದು. ಅದಕ್ಕೇ ಅದನ್ನ ಹಿಚುಕಬೇಡಿ, ಕಡ್ಡಿ ಹಾಕಬೇಡಿ. ಕುಂಡಿಯ ಸೀಳಿನೊಳಗಿನ ಚಿಕ್ಕ ಗುಳಿ ಬಹಳ ಮಕ್ಕಳಿಗಿರುತ್ತೆ, ಹೆಚ್ಚಾಗಿ ಭಯ ಇಲ್ಲ. ಅದಕ್ಕಿಂತ ಮೇಲಿದ್ರೆ ತೋರಿಸಿ.

ತಲೆಯೊಳಗೂ ಇಂಥವು ಇರ್ತಾವೆ. ಅರಾಕ್ನಾಯ್ಡ್ ಸಿಸ್ಟ್ ಅಂದ್ರೆ ಮೆದುಳಿನ ಹೊದಿಕೆಯಲ್ಲಿ ನೀರು ತುಂಬಿದ ಚೀಲ. ಬಹಳಷ್ಟು ಏನೂ ಮಾಡಲ್ಲ, ಡಾಕ್ಟ್ರು ಬರೇ ಗಮನಿಸ್ತಾ ಇರ್ತಾರೆ. ಒತ್ತಡ ಕೊಟ್ರೆ ಎಂಡೋಸ್ಕೋಪಿನಿಂದ ಚೀಲಕ್ಕೆ ದಾರಿ ಮಾಡ್ತಾರೆ, ಇಲ್ಲಾ ಶಂಟ್ ಅನ್ನೋ ನಳಿಕೆ ಹಾಕ್ತಾರೆ.

ನಾನು ಬಿ.ಕಾಂ, ನನಗೆ ಲೆಕ್ಕ ಗೊತ್ತು. ಹುಟ್ಟಿದಾಗ ತಲೆಯ ಸುತ್ತಳತೆ ಸುಮಾರು 35 ಸೆಂ.ಮೀ., ವರ್ಷಕ್ಕೆ ಸುಮಾರು 46. ಒಂದೇ ಎಂಟ್ರಿ ಏನೂ ಹೇಳಲ್ಲ. ತಿಂಗಳು ತಿಂಗಳು ಬರೆಸಿದ್ರೆ ಏರುಪೇರು ತಾನೇ ಕಾಣುತ್ತೆ. ತಲೆ ಬೇಗ ದೊಡ್ಡದಾಗೋದು, ನೆತ್ತಿ ಉಬ್ಬೋದು, ಬೆಳಿಗ್ಗೆ ತಲೆನೋವಿನ ಜೊತೆ ವಾಂತಿ, ಫಿಟ್ಸ್, ಕಾಲು ಸೋಲೋದು, ಮೂತ್ರದ ಹಿಡಿತ ತಪ್ಪೋದು: ಇವು ಕಂಡ್ರೆ ಕಾಯಬೇಡಿ.

2013ರಲ್ಲಿ ಶುರುವಾದ ರಾಷ್ಟ್ರೀಯ ಬಾಲ ಸ್ವಾಸ್ಥ್ಯ ಕಾರ್ಯಕ್ರಮದ ತಂಡ ಅಂಗನವಾಡಿಗೆ ವರ್ಷಕ್ಕೆ ಎರಡು ಸಲ, ಶಾಲೆಗೆ ಒಂದು ಸಲ ಬರಬೇಕು. ಹುಟ್ಟಿನಿಂದ 18 ವರ್ಷದವರೆಗೆ ತಪಾಸಣೆ ಉಚಿತ. ಅವತ್ತು ಮಗೂನ ತಪ್ಪಿಸಬೇಡಿ. ದೊಡ್ಡ ಆಪರೇಷನ್ ಬೇಕಾದ್ರೆ ಬೆಂಗಳೂರಿನ ನಿಮ್ಹಾನ್ಸ್‌ನಲ್ಲಿ ಮಕ್ಕಳ ನರಶಸ್ತ್ರಚಿಕಿತ್ಸೆ ಇದೆ.

ನಮ್ಮ ಹುಡುಗನಿಗೆ ಸೋಂಕು ತಗಲೋ ಮುಂಚೆ ಆಪರೇಷನ್ ಆಯ್ತು. ಈಗ ಗದ್ದೆ ಬದುವಿನ ಮೇಲೆ ನನ್ನನ್ನೇ ಓಡಿಸ್ತಾನೆ. ನಾನಂದಂಗೆ ನಾಟಿ ಮುಗಿಯೋವರೆಗೂ ಕಾದಿದ್ರೆ? ಆ ಪ್ರಶ್ನೆ ಇನ್ನೂ ಕಾಡುತ್ತೆ.

ಮನ್ಯಾಗ ಬಾಣಂತಿ ಇದ್ರೆ, ಎರೆಯೋ ಅಜ್ಜಿಗೆ ಇದನ್ನ ಫೋನ್‌ನಲ್ಲಿ ಹಚ್ಚಿ ಕೇಳಿಸ್ರಿ. ಬರ್ಲಾ?