ಸಕ್ಕರೆ ಕಾಯಿಲೆಗೆ ಕಣ್ಣಿನ ಫೋಟೋ ಏಕೆ?



ಸಕ್ಕರೆ ಕಾಯಿಲೆ ಇರುವವರನ್ನು, "ಕಣ್ಣು ತೋರಿಸಿದ್ದೀರಾ?" ಎಂದು ಕೇಳಿ ನೋಡಿ. "ಕಣ್ಣಿಗೇನಾಗಿದೆ? ಪೇಪರ್ ಓದುತ್ತೇನೆ, ಅಡಿಕೆ ಸುಲಿಯುತ್ತೇನೆ" ಎನ್ನುವವರೇ ಹೆಚ್ಚು. ಇಂದಿನ ನನ್ನ ಮಾತು ಈ ಉತ್ತರವನ್ನು ಕುರಿತದ್ದು. ಚೆನ್ನಾಗಿ ಕಾಣುವ ಕಣ್ಣಿನೊಳಗೂ ಕಾಯಿಲೆ ಬೆಳೆಯುತ್ತಿರಬಹುದು. ನೋವಿಲ್ಲ, ತುರಿಕೆಯಿಲ್ಲ, ಕಣ್ಣು ಕೆಂಪಾಗುವುದೂ ಇಲ್ಲ.

ಕಣ್ಣಿನ ಹಿಂಭಾಗದಲ್ಲಿ ಅಕ್ಷಿಪಟಲವೆಂಬ ತೆಳುವಾದ ಪದರವಿದೆ. ವೈದ್ಯರು ರೆಟಿನಾ ಎನ್ನುತ್ತಾರೆ. ಅಲ್ಲಿ ಬೆಳಕು ಬಿದ್ದರೇ ನಮಗೆ ನೋಟ. ಅದಕ್ಕೆ ರಕ್ತ ಒದಗಿಸುವ ನಾಳಗಳಲ್ಲಿ ಕೂದಲಿಗಿಂತ ಸಣ್ಣವೂ ಇವೆ. ವರ್ಷಗಟ್ಟಲೆ ರಕ್ತದಲ್ಲಿ ಸಕ್ಕರೆ ಏರಿಯೇ ಇದ್ದರೆ ಇವುಗಳ ಗೋಡೆ ಸಡಿಲಾಗಿ, ಅಲ್ಲಲ್ಲಿ ಗುಳ್ಳೆಯಂತೆ ಉಬ್ಬಿ, ರಕ್ತವೂ ನೀರೂ ಜಿನುಗುತ್ತವೆ. ತೋಟದ ಹಳೆಯ ಪೈಪನ್ನು ನೆನೆಯಿರಿ. ಜಿನುಗಿದ್ದು ರೆಟಿನಾದ ನಡುಭಾಗಕ್ಕೆ ತಲಪುವವರೆಗೆ ಎಷ್ಟೋ ಮಂದಿಗೆ ಏನೂ ಗೊತ್ತಾಗುವುದಿಲ್ಲ. ಮುಂದೆ ಕೆಲವು ನಾಳಗಳು ಮುಚ್ಚಿಹೋಗಿ, ಬಡಕಲು ಹೊಸ ನಾಳಗಳು ಹುಟ್ಟುತ್ತವೆ. ಅವು ಒಡೆದರೆ ಕಣ್ಣೆದುರು ಒಮ್ಮೆಲೇ ಕಪ್ಪು ಎಳೆಗಳು ತೇಲುತ್ತವೆ, ಪರದೆ ಇಳಿದಂತಾಗುತ್ತದೆ. ಇದೇ ಡಯಾಬಿಟಿಕ್ ರೆಟಿನೋಪತಿ.

ದೃಷ್ಟಿ ಮಸುಕಾದರೆ, "ಪೊರೆ ಇರಬೇಕು, ಬಲಿಯಲಿ, ಆಮೇಲೆ ತೆಗೆಸೋಣ" ಎಂದು ಕಾಯುವುದು ನಮ್ಮ ಹಳೆಯ ರೂಢಿ. ಬರಿಯ ಪೊರೆಯಾದರೆ ತೆಗೆಸಿದ ಮೇಲೆ ಸಾಮಾನ್ಯವಾಗಿ ನೋಟ ಮರಳೀತು. ರೆಟಿನಾದ ಕತೆ ಹಾಗಲ್ಲ. ಲೇಸರ್ ಚಿಕಿತ್ಸೆ, ಕಣ್ಣಿಗೆ ಕೊಡುವ ಇಂಜೆಕ್ಷನ್, ಇವು ಮುಖ್ಯವಾಗಿ ಉಳಿದ ದೃಷ್ಟಿಯನ್ನು ಕಾಯುತ್ತವೆ; ಹೋದದ್ದೆಲ್ಲ ಬಂದೀತೆಂಬ ಭರವಸೆ ಇಲ್ಲ. ಕನ್ನಡಕದ ಅಂಗಡಿಯಲ್ಲಿ ಪವರ್ ನೋಡಿಸಿದ್ದೂ ಈ ಪರೀಕ್ಷೆಯಲ್ಲ.

2015ರಿಂದ 2019ರವರೆಗೆ ನಡೆದ ರಾಷ್ಟ್ರೀಯ ಸಮೀಕ್ಷೆಯಲ್ಲಿ, ಐವತ್ತು ದಾಟಿದ ಮಧುಮೇಹಿಗಳ ಪೈಕಿ ನೂರಕ್ಕೆ ಸುಮಾರು 17 ಮಂದಿಗೆ ಈ ತೊಂದರೆ ಕಂಡುಬಂತು.

ಪರೀಕ್ಷೆ ಸುಲಭ. ಯಂತ್ರದ ಮುಂದೆ ಗಲ್ಲ ಊರಿ ಕುಳಿತರೆ ಒಂದು ಮಿಂಚು, ಫೋಟೋ ಮುಗಿಯಿತು. ಸೂಜಿಯಿಲ್ಲ. ಆ ಚಿತ್ರವನ್ನು ದೂರದ ಕಣ್ಣಿನ ವೈದ್ಯರಿಗೆ ಕಳುಹಿಸಬಹುದು; ಈಗ ಕಂಪ್ಯೂಟರೂ ಓದಿ ಹೇಳುತ್ತದೆ. ಸಾಮಾನ್ಯವಾಗಿ ದೊಡ್ಡವರಿಗೆ ಬರುವ ಸಕ್ಕರೆ ಕಾಯಿಲೆಯಲ್ಲಿ, ಕಾಯಿಲೆ ತಿಳಿದ ಕೂಡಲೇ ಒಮ್ಮೆ, ಆಮೇಲೆ ವರ್ಷಕ್ಕೊಮ್ಮೆ ಮಾಡಿಸಬೇಕು. ಸಕ್ಕರೆ ಕಾಯಿಲೆ ಇರುವ ಹೆಣ್ಣುಮಕ್ಕಳು ಬಸುರಾದರೆ ಮೊದಲ ತಿಂಗಳುಗಳಲ್ಲೇ ತೋರಿಸಲಿ.

ಕೇರಳದಲ್ಲಿ ‘ನಯನಾಮೃತಂ’ ಎಂಬ ಸರ್ಕಾರಿ ಯೋಜನೆ ತಿರುವನಂತಪುರದ ಕಡೆ ಕುಟುಂಬ ಆರೋಗ್ಯ ಕೇಂದ್ರಗಳಲ್ಲಿ ಈ ಫೋಟೋ ತೆಗೆಯುವುದರಿಂದ ಮೊದಲಾಯಿತು. ಕಾಸರಗೋಡಿನವರು ಹತ್ತಿರದ ಕೇಂದ್ರದಲ್ಲಿ ವಿಚಾರಿಸಿ. ಬೋರ್ಡಿನಲ್ಲಿ ‘ಪ್ರಮೇಹಂ’ ಎಂದಿದ್ದರೆ ಅದು ನಮ್ಮ ಸಕ್ಕರೆ ಕಾಯಿಲೆಯೇ. ಆ ಶಬ್ದಕ್ಕೆ ಕನ್ನಡದಲ್ಲಿದ್ದ ಇನ್ನೊಂದು ಅರ್ಥ ನೆನೆದು ಹಿರಿಯರು ಆ ಸಾಲಿನಲ್ಲಿ ನಿಲ್ಲಲು ಸಂಕೋಚಪಡಬೇಕಾಗಿಲ್ಲ!

ಫೋಟೋ ಸ್ಪಷ್ಟವಾಗಿ ಬಂದಿಲ್ಲವೆಂದರೆ ಕಾಯಿಲೆ ಇಲ್ಲವೆಂದು ಅರ್ಥವಲ್ಲ. ಪೊರೆ ದಪ್ಪವಿದ್ದರೆ ಹಾಗಾಗುತ್ತದೆ. ಆಗ ಕಣ್ಣಿನ ವೈದ್ಯರನ್ನೇ ಕಾಣಬೇಕು. ಅವರು ಹನಿ ಹಾಕಿದರೆ ಕೆಲವು ಗಂಟೆ ಮಂಜು ಮಂಜು. ಬೈಕಿನಲ್ಲಿ ಹೋಗಬೇಡಿ, ಮನೆಯವರೊಬ್ಬರನ್ನು ಕರೆದುಕೊಂಡು ಬಸ್ಸಿನಲ್ಲೇ ಹೋಗಿ.