ಬತ್ತಿ ಹೊಸೆದುಕೊಳ್ಳುವ ಹೂವು



ಮಧುಗಿರಿ ತಾಲ್ಲೂಕಿನ ದೊಡ್ಡೇರಿಯಲ್ಲಿ, ಬಚ್ಚಲ ನೀರು ಹರಿಯುವ ಒಂದು ಹಿತ್ತಲಲ್ಲಿ ನಾನು ಈ ಹೂವಿನ ಗಿಡವನ್ನು ಮೊದಲು ನೋಡಿದೆ. ಹೆಸರೇನಜ್ಜಿ ಅಂದರೆ, "ಅದಾ? ಚುಕ್ಕಿ ಚುಕ್ಕಿ ಹೂವು ಕಣಪ್ಪ" ಅಂದರು.

ಎಲೆಗಳು ಒಂದರ ಬುಡವನ್ನೊಂದು ತಬ್ಬಿಕೊಂಡು ಬೀಸಣಿಗೆಯಂತೆ ಹರಡಿದ್ದವು. ಕಿತ್ತಳೆ ಬಣ್ಣದ ಆರು ಎಸಳು. ಮೇಲೆ ಕುಂಕುಮದ ನೀರು ಚಿಮುಕಿಸಿದಂತೆ ಕೆಂಪು ಚುಕ್ಕಿ. ಹೂವಿನ ಆಯುಸ್ಸು ಒಂದೇ ದಿನ. ಬಾಡುವಾಗ ಎಸಳು ಉದುರುವುದಿಲ್ಲ, ದೇವರ ದೀಪಕ್ಕೆ ಬತ್ತಿ ಹೊಸೆದ ಹಾಗೆ ಸುರುಳಿ ಸುತ್ತಿಕೊಳ್ಳುತ್ತವೆ. ಆಮೇಲೆ ಕಾಯಿ ಒಡೆದರೆ ಒಳಗೆ ಕರಿಮಣಿಯಂಥ ಬೀಜ.

ನೋಡಿದವರು ಲಿಲ್ಲಿ ಅಂದುಕೊಳ್ಳುತ್ತಾರೆ. ಎಣಿಸಿ ನೋಡಬೇಕು. ಲಿಲ್ಲಿಗೆ ಆರು ಕೇಸರ, ಇದಕ್ಕೆ ಮೂರೇ. ಲಿಲ್ಲಿಯ ಅಂಡಾಶಯ ಎಸಳಿಗಿಂತ ಮೇಲೆ, ಇದರದು ಕೆಳಗೆ. ಇದು ಐರಿಸ್ ಕುಟುಂಬದ ಗುರುತು. ಪಾಯಸಕ್ಕೆ ಹಾಕುವ ಕೇಸರಿ, ಮಂಟಪ ಸಿಂಗರಿಸುವ ಗ್ಲಾಡಿಯೋಲಸ್ ಎರಡೂ ಇದರ ನೆಂಟರೇ.

ಹಿಮಾಲಯ, ಚೀನಾ, ಜಪಾನ್ ಕಡೆ ಇದು ಕಾಡುಹೂವು. ದಕ್ಷಿಣಕ್ಕೂ ಹಿಂದೆಯೇ ಬಂದಿತ್ತು. ಕೊಚ್ಚಿಯಲ್ಲಿ ಡಚ್ಚರ ಅಧಿಕಾರಿಯಾಗಿದ್ದ ವಾನ್ ರೀಡ್, ಇಟ್ಟಿ ಅಚ್ಯುತನ್ ಎಂಬ ವೈದ್ಯರ ಮತ್ತು ರಂಗ ಭಟ್, ವಿನಾಯಕ ಪಂಡಿತ್, ಅಪ್ಪು ಭಟ್ ಎಂಬ ಕೊಂಕಣಿ ಪಂಡಿತರ ನೆರವಿನಿಂದ ಮಾಡಿಸಿದ 'ಹೋರ್ತುಸ್ ಮಲಬಾರಿಕುಸ್' ಗ್ರಂಥದ 11ನೆಯ ಸಂಪುಟದಲ್ಲಿ, 1692ರಲ್ಲಿ, ಇದರ ಚಿತ್ರವಿದೆ. ಅಲ್ಲಿ ಬರೆದ ಮಲಯಾಳದ ಹೆಸರಿನಿಂದಲೇ ಮುಂದೆ 'ಬೆಲಮ್‌ಕಂಡ' ಎಂಬ ಕುಲನಾಮ ಹುಟ್ಟಿತು.

ಗಿಡಗಳಿಗೆ ಶಾಸ್ತ್ರೀಯ ಹೆಸರಿಡುತ್ತಿದ್ದ ಲಿನೇಯಸ್ 1753ರಲ್ಲಿ ಒಂದೇ ಪುಸ್ತಕದೊಳಗೆ ಇದಕ್ಕೆ ಎರಡು ಹೆಸರು ಕೊಟ್ಟ. ಒಂದು ಕಡೆ ಇಕ್ಸಿಯಾ ಚೈನೆನ್ಸಿಸ್. ಇನ್ನೊಂದು ಕಡೆ ಆರ್ಕಿಡ್‌ಗಳ ಸಾಲಿಗೆ ಸೇರಿಸಿ ಎಪಿಡೆಂಡ್ರಮ್ ಡೊಮೆಸ್ಟಿಕಮ್! ಐರಿಸ್ ಹೂವಿನಲ್ಲಿ ಸಾಮಾನ್ಯವಾಗಿ ಮೂರು ಎಸಳು ಜೋತುಬಿದ್ದಿರುತ್ತವೆ, ಮೂರು ನೆಟ್ಟಗಿರುತ್ತವೆ. ಇಲ್ಲಿ ಆರೂ ಹೆಚ್ಚುಕಡಿಮೆ ಒಂದೇ ಥರ. ಹಾಗಾಗಿ ಇನ್ನೂರು ವರ್ಷಕ್ಕೂ ಹೆಚ್ಚು ಕಾಲ ಇದು ಬೆಲಮ್‌ಕಂಡ ಎಂಬ ಬೇರೆ ಕುಲವಾಗಿಯೇ ಉಳಿಯಿತು. ಡಿಎನ್‌ಎ ಪರೀಕ್ಷೆ ಮಾತ್ರ ಇದು ಐರಿಸ್‌ಗಳ ನಡುಮನೆಯದೇ ಅಂದಿತು. 2005ರಲ್ಲಿ ಸಸ್ಯವಿಜ್ಞಾನಿಗಳಾದ ಗೋಲ್ಡ್‌ಬ್ಲಾಟ್ ಮತ್ತು ಮ್ಯಾಬರ್ಲಿ ಇದನ್ನು 'ಐರಿಸ್ ಡೊಮೆಸ್ಟಿಕಾ' ಎಂದು ಕರೆದರು. ಐರಿಸ್ ಚೈನೆನ್ಸಿಸ್ ಎಂಬ ಹೆಸರು ಅಷ್ಟರಲ್ಲಾಗಲೇ ಬೇರೊಂದು ಗಿಡದ ಪಾಲಾಗಿತ್ತು. ಲಿನೇಯಸ್ ತಪ್ಪು ಸಾಲಿನಲ್ಲಿಟ್ಟ ಹೆಸರೇ ಹೀಗೆ ಕೈಹಿಡಿಯಿತು. ಬೆಲಮ್‌ಕಂಡ ಹೋದದ್ದು ಮಾತ್ರ ನನಗೆ ನೋವಿನ ಸಂಗತಿ. ಮಲಬಾರಿನ ವೈದ್ಯರ ಬಾಯಿಂದ ಬಂದ ಮಾತು ಅದು.

ನಿಮ್ಮೂರಲ್ಲೂ ಈ ಗಿಡ ಕಂಡರೆ ಬೆಳಗ್ಗೆಯೇ ಹೋಗಿ ಕೇಸರ ಎಣಿಸಿ. ಸಂಜೆಗೆ ಹೋದರೆ ಹೊಸೆದ ಬತ್ತಿಯಷ್ಟೇ ಸಿಕ್ಕೀತು.